ಕಾಗದಕ್ಕೆ ಫಸಲಿ, ಬೆಳ್ಳಿಗೆ ಹಿಜರಿ

ಈಗಲೂ ವರ್ಷಕ್ಕೆ ಒಬ್ಬಿಬ್ಬರು ಹಳೆಯ ಬೆಳ್ಳಿ ಬಿಲ್ಲೆ ಹಿಡಿದುಕೊಂಡು ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ಎತ್ತಿಗೋ ಬೆಳೆಗೋ ಕೊಟ್ಟ ಇನಾಮಂತೆ, ಉರ್ದು ಅಕ್ಷರ ಇದೆ, ಯಾವ ಕಾಲದ್ದು ಹೇಳಿ ಎನ್ನುತ್ತಾರೆ. ತರುವ ಮೊದಲು ಅದಕ್ಕೆ ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿರುತ್ತಾರೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. ಹಳೆಯ ಬಿಲ್ಲೆಯನ್ನು ತೊಳೆಯಬಾರದು ಮಾರಾಯರೆ, ಕೊಳೆ ಇದ್ದರೆ ಇರಲಿ, ಕೊಳೆಯ ಕೆಳಗೆ ಅಕ್ಷರ ಬದುಕಿರುತ್ತದೆ ಎಂದು ಎಷ್ಟು ಸಲ ಹೇಳಿದ್ದೇನೆ. ಹೇಳಿ ಹೇಳಿ ನಾಲಿಗೆ ಸವೆಯಿತು. ಆಮೇಲೆ ಸಿಟ್ಟು ಇಳಿದು ಬರೀ ದಣಿವು ಉಳಿಯುತ್ತದೆ, ಯಾಕೆಂದರೆ ನನಗಾದರೂ ಇದು ತಿಳಿದದ್ದು ಒಬ್ಬ ಹೆಣ್ಣುಮಗಳ ಹೊಲ ಹೋದ ಮೇಲೆ.

ನಿಜಾಮರ ಆಡಳಿತ ಮುಗಿದು ನಮ್ಮ ಸೀಮೆ ಹಿಂದುಸ್ತಾನಕ್ಕೆ ಸೇರಿದ ಮೇಲಿನ ವರ್ಷಗಳವು. ನಾನು ಶಹಾಪುರದಲ್ಲಿ ಸರ್ಕಾರಿ ಕಚೇರಿಯೊಂದರ ಮುನಶಿ. ಓದಿದ್ದೆಲ್ಲ ಉರ್ದು, ಮನೆಯ ಮಾತು ಕನ್ನಡ. ಕಚೇರಿಯ ಕಾಗದಗಳು ಒಂದು ವರ್ಷ ಉರ್ದು, ಒಂದು ವರ್ಷ ಇಂಗ್ಲಿಷ್, ಆಮೇಲೆ ಕನ್ನಡ ಎಂದು ಮೈ ಬದಲಿಸುತ್ತಾ ಹೋದವು. ಚೆನ್ನಾಗಿ ಉರ್ದು ಬಲ್ಲ ಹಿರಿಯರು ಕೆಲವರು ಊರು ಬಿಟ್ಟರು, ಕೆಲವರು ನಿವೃತ್ತರಾದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನು ದೊಡ್ಡ ಪಂಡಿತನಾದೆ. ಹಗಲೆಲ್ಲ ಕಚೇರಿಯ ಹಳೆಯ ಕಡತಗಳನ್ನು ಕನ್ನಡಕ್ಕೆ ಇಳಿಸುವುದು, ಮನೆಗೆ ಬಂದರೆ ಕಟ್ಟೆಯ ಮೇಲೆ ಮಂದಿ. ಸನದು, ಚೀಟಿ, ಹಳೆಯ ನಾಣ್ಯ, ಬಿಲ್ಲೆ. ಹಳೆಯ ಸರ್ಕಾರದ ಮುದ್ರೆ ಮನೆಯಲ್ಲಿದ್ದರೆ ಹಿಡಿದುಕೊಂಡು ಹೋಗುತ್ತಾರೆ ಎಂದು ಒಂದು ಗಾಳಿಸುದ್ದಿ, ಹೊಸ ಸರ್ಕಾರ ಅಂಥವರಿಗೆ ಮಾನ ಕೊಡುತ್ತದೆ ಎಂದು ಇನ್ನೊಂದು. ಎರಡಕ್ಕೂ ನನ್ನ ಕಟ್ಟೆಯೇ ಬೇಕಾಗಿತ್ತು.

ಬಿಲ್ಲೆ ನೋಡುವ ರೀತಿಯನ್ನು ನಾನೇ ಅಷ್ಟಿಷ್ಟು ಕಂಡುಕೊಂಡಿದ್ದೆ. ಬೆಳಕು ನೆತ್ತಿಯ ಮೇಲಿದ್ದಾಗ ನೋಡಿದರೆ ಸವೆದ ಅಕ್ಷರ ಕಾಣುವುದಿಲ್ಲ. ಇಳಿಹೊತ್ತಿನ ಅಡ್ಡ ಬಿಸಿಲು ಬೇಕು. ತೆಳು ಕಾಗದ ಮೇಲಿಟ್ಟು ಸೀಸದ ಕಡ್ಡಿಯನ್ನು ಮಲಗಿಸಿ ಉಜ್ಜಿದರೆ ಕಣ್ಣಿಗೆ ಬೀಳದ್ದು ಕಾಗದಕ್ಕೆ ಬೀಳುತ್ತದೆ. ಹಾಗೆ ಉಜ್ಜಿದ ಅಚ್ಚುಗಳನ್ನು ಒಂದು ವಹಿಯಲ್ಲಿ ಅಂಟಿಸಿಡುತ್ತಿದ್ದೆ. ವರ್ಷ ಓದುವುದಕ್ಕೆ ನನ್ನ ಉಸ್ತಾದರು, ಎಂದರೆ ಶಾಲೆಯಲ್ಲಿ ಕಲಿಸಿದ ಗುರುಗಳು, ಒಂದು ಸೂತ್ರ ಕೊಟ್ಟಿದ್ದರು: ಕಾಗದಕ್ಕೆ ಫಸಲಿ, ಬೆಳ್ಳಿಗೆ ಹಿಜರಿ. ನಮ್ಮಲ್ಲಿ ಎರಡು ವರ್ಷಮಾನ ನಡೆಯುತ್ತಿತ್ತು. ಕಂದಾಯದ ಕಾಗದಕ್ಕೆಲ್ಲ ಬೆಳೆಯ ಲೆಕ್ಕದ ಫಸಲಿ ವರ್ಷ. ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಕ್ಕೆ ಚಂದ್ರನ ಲೆಕ್ಕದ ಹಿಜರಿ ವರ್ಷ. ಅದೇ ನಾಲ್ಕು ಅಂಕಿಯನ್ನು ಹಿಜರಿ ಎಂದು ಓದಿದರೆ, ಫಸಲಿ ಎಂದು ಓದಿದ್ದಕ್ಕಿಂತ ಒಂಬತ್ತು ವರ್ಷ ಹಿಂದಕ್ಕೆ ಬೀಳುತ್ತಿತ್ತು. ಒಂಬತ್ತು ವರ್ಷವೆಂದರೆ ಎಷ್ಟು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಉಳುವವರ ಹೆಸರು ಹೊಲದ ದಾಖಲೆಯಲ್ಲಿ ಬರೆಸಬಹುದು ಎಂದು ಹೊಸ ಕಾಯಿದೆ ಬಂದಾಗ ಶಿರವಾಳದಿಂದ ಒಬ್ಬಳು ವಿಧವೆ ನಮ್ಮ ಕಚೇರಿಗೆ ಅರ್ಜಿ ಹಾಕಿದಳು. ನಲವತ್ತು ದಾಟಿದ ಹೆಂಗಸು, ಊರ ಹೊರಗಿನ ಕೇರಿಯವಳು. ಹಳೆಯ ಗುಡಿಗಳ ಹಿಂದಿನ ಹೊಲವೊಂದನ್ನು ತನ್ನ ಗಂಡ ಹರೆಯದಿಂದ ಸಾಯುವ ತನಕ ಪಾಲಿಗೆ ಮಾಡಿದ್ದ, ಈಗ ತಾನು ಮಾಡುತ್ತಿದ್ದೇನೆ ಎಂಬುದು ಆಕೆಯ ಮಾತು. ಹೊಲ ಆ ಊರಿನ ದೊಡ್ಡ ವಾಡೆಯ ಜಮೀನ್ದಾರರದು. ಅವರ ವಕೀಲರು, ಈಕೆಯ ಗಂಡ ಪಾಲುಗಾರನೇ ಅಲ್ಲ, ಬರೀ ಸಂಬಳದ ಆಳು, ಬೇಕಾದಾಗ ಕರೆದೆವು ಬೇಡವಾದಾಗ ಕಳಿಸಿದೆವು ಎಂದರು. ಕಾಗದ ಎಂಬುದು ಆಕೆಯ ಬಳಿ ಒಂದೂ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಬೆಳ್ಳಿ ಬಿಲ್ಲೆಯನ್ನು ಮೇಜಿನ ಮೇಲೆ ಇಟ್ಟಳು.

ಒಂದು ಕಡೆ ಜೋಳದ ತೆನೆಯ ಚಿತ್ರ. ಇನ್ನೊಂದು ಕಡೆ ಬರಹ: ಜೋಳ, ಮೊದಲ ದರ್ಜೆ, ಸಾಗುವಳಿ ಮಾಡಿದ ರೈತನಿಗೆ ಇನಾಮು, ಊರು ಶಿರವಾಳ, ಕೆಳಗೆ ವರ್ಷದ ನಾಲ್ಕು ಅಂಕಿ. ರೈತನ ಹೆಸರು ಮಾತ್ರ ಇಲ್ಲ. ಹಳೆಯ ಸರ್ಕಾರ ಯಾದಗಿರಿಯಲ್ಲಿ ಬೆಳೆ, ದನಕರುಗಳ ನುಮಾಯಿಶ್, ಎಂದರೆ ಪ್ರದರ್ಶನ, ನಡೆಸಿದಾಗ ಗಂಡ ತೆನೆಯ ಸಿವುಡು ಹೊತ್ತುಕೊಂಡು ಹೋಗಿದ್ದನಂತೆ. ಸಂಬಳದ ಆಳಿಗೆ ಸರ್ಕಾರ ಬಿಲ್ಲೆ ಕೊಡುವುದಿಲ್ಲ. ಅದು ಅವನದೇ ಎಂದಾದರೆ ಅವನು ಉಳುವವನೇ ಎಂದು ಸರ್ಕಾರವೇ ಒಪ್ಪಿದ ಹಾಗೆ. ಹೊಲ ಆಕೆಗೆ ಉಳಿಯುತ್ತಿತ್ತು.

ಬಿಲ್ಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಕಿಗಳ ಕೆಳಗೆ ಒಂದು ಕಡೆ ಹೆಬ್ಬೆರಳು ಒತ್ತಿದಷ್ಟು ಜಾಗ ನುಣ್ಣಗಾಗಿ, ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಇದೇನು ಎಂದು ಕೇಳಿದೆ. ದೇವರ ಜಗಲಿಯ ಮೇಲೆ ಇಡುತ್ತಿದ್ದಳಂತೆ. ತೆನೆಯನ್ನು ದಿನಾ ಹೊಲದಲ್ಲೇ ನೋಡುತ್ತೇವೆ, ಬರಹ ಸರ್ಕಾರದ್ದು, ದೊಡ್ಡದು ಎಂದು ಬರಹದ ಕಡೆಯನ್ನೇ ಮೇಲೆ ಮಾಡಿ ಇಡುತ್ತಿದ್ದಳು. ದಿನಾ ಒದ್ದೆ ಬೆರಳಲ್ಲಿ ಅಲ್ಲಿ ಭಂಡಾರದ ಅರಿಶಿನ ಹಚ್ಚುವುದು, ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕುವುದು. ಮದುವೆಯಾಗಿ ಬಂದಾಗಿನಿಂದ ಇದೇ ನಡೆದಿತ್ತು. ನಾನು ತಲೆಯಾಡಿಸಿ ಬರೆದುಕೊಂಡೆ, ಒಂದೇ ಕಾಗದದಲ್ಲಿ ಎರಡೂ ಕಡೆಯ ಅಚ್ಚು ತೆಗೆದುಕೊಂಡೆ. ಭಂಡಾರ ಹಚ್ಚಿದ ಜಾಗ ಮೊದಲಿಂದಲೂ ಖಾಲಿ ಎಂದೇ ತಿಳಿದೆ.

ವಿಚಾರಣೆಯ ದಿನ ಆಕೆ ಸಾಹೇಬರ ಕಡೆ ನೋಡಲಿಲ್ಲ, ವಕೀಲರ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು.

“ಆ ವರ್ಷಾನ ನಾ ಗಂಡನ ಮನಿಗೆ ನಡ್ಯಾಕ ಬಂದಿದ್ದೆನ್ರಿ ಮುನಶಿಯವರ. ರುಮಾಲದಾಗ ಕಟ್ಟಿಕೊಂಡು ಬಂದು ನನ್ನ ಕೈಯಾಗ ಹಾಕಿದ. ಅದರಾಗ ಏನು ಬರದಾರೋ ನೀವ ಓದಿ ಹೇಳ್ರಿ.”

ನಾನು ಓದಿ ಹೇಳಿದೆ. ಬೆಳ್ಳಿಗೆ ಹಿಜರಿ. ಊರ ಚಾವಡಿಯ ಪುಸ್ತಕದಲ್ಲಿ ಗಂಡ ಸತ್ತಾಗಿನ ವಯಸ್ಸು ಇತ್ತು. ಎರಡನ್ನೂ ಕೂಡಿಸಿ ಕಳೆದು ನೋಡಿದರೆ ಬಿಲ್ಲೆ ಅಚ್ಚಾದ ವರ್ಷ ಅವನಿಗೆ ಹತ್ತು ವರ್ಷ. ಹತ್ತು ವರ್ಷದ ಹುಡುಗನಿಗೆ ಸಾಗುವಳಿಯ ಇನಾಮು ಎಲ್ಲಿಂದ ಬರಬೇಕು? ಹೀಗೆ ಎರಡು ಸಾಲಿನ ವರದಿ ಬರೆದು ರುಜು ಹಾಕಿದೆ. ಅನುಮಾನಕ್ಕೆ ಎಡೆಯಿದೆ ಎಂದು ಒಂದು ಮಾತು ಸೇರಿಸಬಹುದಾಗಿತ್ತು. ಸೇರಿಸಲಿಲ್ಲ. ಆ ವಾರ ನನ್ನ ಮೇಜಿನ ಮೇಲೆ ಕಡತಗಳು ಎದೆಯ ಮಟ್ಟಕ್ಕೆ ಇದ್ದವು, ಕಣ್ಣು ಉರಿಯುತ್ತಿದ್ದವು, ಮುಗಿದರೆ ಸಾಕಾಗಿತ್ತು. ಇದನ್ನು ನೆಪವೆಂದು ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ವಕೀಲರಿಗೆ ಅಷ್ಟೇ ಬೇಕಾಗಿತ್ತು. ಹಾಗಾದರೆ ಇನಾಮು ವಾಡೆಯ ಹಿರಿಯರಿಗೆ ಬಂದದ್ದು, ತಿಕ್ಕಲು ಆಳಿನ ಕೈಗೆ ಕೊಟ್ಟಿದ್ದು ವಾಪಸು ಬರಲಿಲ್ಲ ಎಂದರು. ಕಳ್ಳತನ ಎಂಬ ಮಾತನ್ನು ಬಾಯಿಬಿಟ್ಟು ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಆಕೆ ಜಗಳ ತೆಗೆಯಬಹುದು, ಅಳಬಹುದು ಎಂದು ನಾನು ಮೈ ಬಿಗಿ ಮಾಡಿಕೊಂಡು ಕೂತಿದ್ದೆ. ಆಕೆ ಸ್ವಲ್ಪ ಹೊತ್ತು ಬಿಲ್ಲೆಯನ್ನು ನೋಡಿದಳು. ಆಮೇಲೆ ಅದನ್ನು ವಕೀಲರ ಕಡೆ ಸರಿಸಿ, “ಮಂದಿ ಸಾಮಾನು ನಮ್ಮ ಜಗಲಿ ಮ್ಯಾಲ ಬ್ಯಾಡ್ರಿ” ಎಂದಳು. ಅರ್ಜಿ ವಜಾ ಆಯಿತು. ಮುಂದಿನ ಹಂಗಾಮಿಗೆ ವಾಡೆಯವರು ಆ ಹೊಲದಲ್ಲಿ ತಮ್ಮ ಎತ್ತು ಕಟ್ಟಿದರು ಎಂದು ಕೇಳಿದೆ. ಕೇಳಿ ಮರೆತೆ.

ಎರಡು ವರ್ಷ ಕಳೆಯಿತು. ಈ ನಡುವೆ ನಮ್ಮ ಸೀಮೆಯನ್ನು ಮೈಸೂರಿಗೆ ಕೂಡಿಸಿದರು. ನಾವು ಇದ್ದಲ್ಲೇ ಇದ್ದೆವು, ರಾಜ್ಯ ಮತ್ತೊಮ್ಮೆ ಬದಲಾಯಿತು. ಒಂದು ಸಂತೆಯ ದಿನ ಕಕ್ಕೇರಾದಿಂದ ಒಬ್ಬ ಕುರಿಗಾರ ಕಟ್ಟೆಗೆ ಬಂದ. ಹೆಗಲ ಕಂಬಳಿಯ ಮೂಲೆಯ ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚಿ ಒಳಗಿಂದ ಒಂದು ಕಪ್ಪು ಬಿಲ್ಲೆ ತೆಗೆದ. ಇದನ್ನು ಇಟ್ಟುಕೊಂಡರೆ ಹಿಡಿದುಕೊಂಡು ಹೋಗುತ್ತಾರೇನು ಎಂಬುದು ಅವನ ಚಿಂತೆ. ಅವನಪ್ಪನ ಟಗರಿಗೆ ಯಾದಗಿರಿಯ ಅದೇ ನುಮಾಯಿಶ್‌ನಲ್ಲಿ ಬಂದ ಇನಾಮು. ಅಂದು ಹೊಲಿದಿಟ್ಟದ್ದು, ಕಂಬಳಿ ಹರಿದಾಗ ಹೊಸ ಕಂಬಳಿಗೆ ಬದಲಾಯಿಸಿದ್ದು ಬಿಟ್ಟರೆ ಯಾರೂ ಮುಟ್ಟಿರಲಿಲ್ಲ. ನೀರು ಸೋಕಿರಲಿಲ್ಲ. ಉಣ್ಣೆಯ ಜಿಡ್ಡು ಹತ್ತಿ ಹಂಚಿನ ತಳದಂತೆ ಕರ್ರಗಾಗಿತ್ತು.

ಬಿಸಿಲಿಗೆ ಅಡ್ಡ ಹಿಡಿದೆ. ಒಂದು ಕಡೆ ತೆನೆಯ ಬದಲು ಟಗರು. ಇನ್ನೊಂದು ಕಡೆ ಅದೇ ಬಗೆಯ ಸಾಲುಗಳು, ಅದೇ ನಾಲ್ಕು ಅಂಕಿ. ಅಂಕಿಗಳ ಕೆಳಗೆ, ಆ ಹೆಂಗಸು ಭಂಡಾರ ಹಚ್ಚುತ್ತಿದ್ದ ಜಾಗದಲ್ಲೇ, ಎಳ್ಳಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಪದವಿತ್ತು: ಫಸಲಿ.

ಬಿಲ್ಲೆಯನ್ನು ಮತ್ತೆ ಮತ್ತೆ ಬಿಸಿಲಿಗೆ ತಿರುಗಿಸಿ ಓದಿದೆ. ಕುರಿಗಾರ ಗಾಬರಿಯಾಗಿ, “ಏನ್ರಿ, ಹಿಡೀತಾರೇನ್ರಿ?” ಎಂದು ಕೇಳಿದ. ನಿನ್ನನ್ನು ಯಾರೂ ಹಿಡಿಯುವುದಿಲ್ಲ, ಹಿಡಿಯಬೇಕಾದವನು ಬೇರೆ ಇದ್ದಾನೆ ಎಂದು ಹೇಳಿ ಅದರ ಅಚ್ಚು ತೆಗೆದುಕೊಂಡು ಕಳಿಸಿದೆ. ಒಳಗೆ ಹೋಗಿ ವಹಿ ತೆಗೆದೆ. ಶಿರವಾಳದ ಬಿಲ್ಲೆಯ ಅಚ್ಚು ಹಾಗೇ ಅಂಟಿಕೊಂಡಿತ್ತು. ನುಣ್ಣಗಿನ ಜಾಗದಲ್ಲಿ ಸೀಸದ ಕಡ್ಡಿ ಒಂದು ಚುಕ್ಕೆಯನ್ನೂ ಬಾಗಿದ ಬಾಲವನ್ನೂ ಮಸುಕಾಗಿ ಹಿಡಿದಿತ್ತು. ಫಸಲಿ ಎಂಬ ಪದದ ಮೊದಲ ಅಕ್ಷರದ ಚುಕ್ಕೆ, ಕೊನೆಯ ಅಕ್ಷರದ ಬಾಲ. ಎರಡು ವರ್ಷದಿಂದ ನನ್ನ ಮನೆಯಲ್ಲೇ ಇತ್ತು. ಆವತ್ತು ಅದನ್ನು ಕಾಗದದ ಕಲೆ ಎಂದು ಬಿಟ್ಟಿದ್ದೆ.

ಬೇಸಾಯದ ಇನಾಮಿಗೆ ಬೆಳೆಯ ವರ್ಷ ಹಾಕದೆ ಮತ್ತೇನು ಹಾಕುತ್ತಾರೆ? ಹೊಲ ಉಳುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಬಿಲ್ಲೆಯನ್ನು ನಾಣ್ಯದ ಹಾಗೆ ಓದಿದ ಪಂಡಿತ ನಾನೊಬ್ಬನೇ. ಫಸಲಿ ಎಂದು ಲೆಕ್ಕ ಹಾಕಿದರೆ ಅವನಿಗೆ ಆಗ ಹತ್ತೊಂಬತ್ತು. ಮೀಸೆ ಬಂದ ಗಂಡಸು, ಹೊಸ ಹೆಂಡತಿ, ರುಮಾಲಿನ ಗಂಟು. ಆಕೆ ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಆಕೆ ನನ್ನನ್ನು ದಿನವೂ ಚುಚ್ಚುವವಳು, ಅಂದು ಚುಚ್ಚಲಿಲ್ಲ. “ತಿಳೀಲಿಲ್ಲ ಅಂತ ಒಂದು ಸಾಲು ಬರದಿದ್ರ ನಿಮ್ಮ ಕೈ ಸವೀತಿತ್ತೇನು?” ಎಂದಷ್ಟೇ ಕೇಳಿ ಒಲೆಯ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೊದಲು ಶಿರವಾಳದ ವಾಡೆಗೆ ಹೋದೆ. ಬಿಲ್ಲೆ ಕೈಗೆ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು ಎಂಬ ಆಸೆ. ವಾಡೆಯವರು ಚಹಾ ಕೊಟ್ಟರು, ಚೆನ್ನಾಗಿಯೇ ಮಾತಾಡಿಸಿದರು. ಆ ಬಿಲ್ಲೆಯನ್ನು ಬಂದ ತಿಂಗಳೇ ಸುರಪುರದ ಪತ್ತಾರರಿಗೆ ಕೊಟ್ಟು ಕರಗಿಸಿ, ಬೇರೆ ಬೆಳ್ಳಿ ಕೂಡಿಸಿ ಮೊಮ್ಮಗನಿಗೆ ಉಡದಾರ ಮಾಡಿಸಿದ್ದರಂತೆ. ಅಂಗಳದಲ್ಲಿ ಆಡುತ್ತಿದ್ದ ಕೂಸಿನ ಸೊಂಟದಲ್ಲಿ ಅದು ಇತ್ತು. ತಮ್ಮ ಹಿರಿಯರ ಇನಾಮು ಎಂದು ಜಗಳ ಮಾಡಿ ಗೆದ್ದವರು ಅದನ್ನು ಒಂದು ತಿಂಗಳು ಕೂಡ ಇಟ್ಟುಕೊಳ್ಳಲಿಲ್ಲ. ಕೇರಿಯ ಕಡೆ ಹೋಗಲು ಅಂದು ನನಗೆ ಧೈರ್ಯ ಸಾಲಲಿಲ್ಲ, ಬಂದ ದಾರಿಯಲ್ಲೇ ಹಿಂತಿರುಗಿದೆ.

ಕಚೇರಿಯಲ್ಲಿ ಹೊಸ ಸಾಹೇಬರು ಬಂದಿದ್ದರು, ಮೈಸೂರು ಕಡೆಯವರು, ಮೃದು ಮಾತು. ನನ್ನ ತಪ್ಪನ್ನು ನಾನೇ ಬರೆದು, ಎರಡೂ ಅಚ್ಚುಗಳಿದ್ದ ವಹಿಯ ಜೊತೆ ಅವರ ಮುಂದೆ ಇಟ್ಟೆ. ಅವರು ಪೂರ್ತಿ ಓದಿದರು. ಮೂಲ ವಸ್ತು ಎಲ್ಲಿ ಎಂದು ಕೇಳಿದರು. ಉಡದಾರವಾಗಿದೆ ಎಂದೆ. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

“ನೋಡಿ, ಮೇಲ್ಮನವಿಯ ಅವಧಿ ಮುಗಿದುಹೋಗಿದೆ. ಪೆನ್ಸಿಲ್ ಗೀಚಿದ ಕಾಗದ ಸಾಕ್ಷಿ ಆಗೋದಿಲ್ಲ. ಅದೂ ಅಲ್ಲದೆ ಆವತ್ತು ಹಾಗೆ ಬರೆದಿದ್ದೀರಿ, ಇವತ್ತು ಹೀಗೆ ಬರೀತೀರಿ. ನಾಳೆ ಹೇಗೆ ಬರೀತೀರೋ ನಾನು ಹೇಗೆ ಹೇಳಲಿ?”

ಮೇಲಿನವರಿಗೂ ಬರೆದೆ. ಒಂದು ಸಲ ಕಡತ ಸಿಗುತ್ತಿಲ್ಲ ಎಂದರು, ಇನ್ನೊಂದು ಸಲ ಕಡತ ಉರ್ದುವಿನಲ್ಲಿದೆ, ಅನುವಾದ ಮಾಡಿ ಕಳಿಸಿ ಎಂದರು. ಅನುವಾದಕ್ಕೆ ಅದು ಬಂದದ್ದು ನನ್ನ ಮೇಜಿಗೇ. ನನ್ನದೇ ಎರಡು ಸಾಲಿನ ವರದಿಯನ್ನು ನಾನೇ ಕನ್ನಡಕ್ಕೆ ಇಳಿಸಬೇಕಾಯಿತು. ಹಿಜರಿ ಎಂದಿದ್ದಲ್ಲಿ ಫಸಲಿ ಎಂದು ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಕೈ ಆ ಕಡೆ ಹೋದದ್ದೂ ನಿಜ. ಆದರೆ ಮತ್ತೊಮ್ಮೆ ನನ್ನ ಇಷ್ಟದಂತೆ ಓದಲು ಮನಸ್ಸು ಒಪ್ಪಲಿಲ್ಲ. ಇದ್ದದ್ದನ್ನು ಇದ್ದಂತೆ ಇಳಿಸಿ, ಕೆಳಗೆ ಇದು ನನ್ನ ತಪ್ಪು ಎಂದು ಬರೆದು ಕಳಿಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಹೊಲ ಬರಲಿಲ್ಲ.

ಕೊನೆಗೆ ಆಕೆಗೆ ಹೇಳುವುದೊಂದು ಉಳಿಯಿತು. ಸಜ್ಜೆ ತೆನೆ ಕಟ್ಟುವ ಕಾಲ. ಮತ್ತೆ ಶಿರವಾಳಕ್ಕೆ ಹೋದೆ. ಕೇರಿಯಲ್ಲಿ ಕೇಳಿಕೊಂಡು ಹೋದರೆ ಆಕೆ ಬಾಗಿಲಲ್ಲಿ ಕೂತು ಮೊರದಲ್ಲಿ ಅಲಸಂದಿ ಬಿಡಿಸುತ್ತಿದ್ದಳು. ಈಗ ಮಂದಿಯ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದಳು. ನನ್ನನ್ನು ಕಂಡು ಎದ್ದು, ಸೆರಗು ಸರಿಮಾಡಿಕೊಂಡು, ಕೂರಲು ಕಂಬಳಿ ಹಾಸಿದಳು. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಈ ಮರ್ಯಾದೆ ತಾಳಲಾಗಲಿಲ್ಲ. ಕಕ್ಕೇರಾದ ಬಿಲ್ಲೆ, ಸವೆದ ಅಕ್ಷರ, ಒಂಬತ್ತು ವರ್ಷದ ಅಂತರ ಎಲ್ಲ ಹೇಳಿದೆ. ಹೊಲಕ್ಕಾಗಿ ಬರೆದದ್ದು, ಅದು ಬರುವುದಿಲ್ಲ ಎಂಬುದನ್ನೂ ಹೇಳಿದೆ. ಹೊಲದ ಮಾತನ್ನು ಆಕೆ ಎತ್ತಲೇ ಇಲ್ಲ.

“ಹಂಗಾದ್ರ ಅವ ಖರೇನ ಗೆದ್ದು ತಂದಿದ್ದನ್ರಿ?”

“ಖರೇನ ತಂದಿದ್ದ, ಯವ್ವಾ. ನೀ ಹೇಳಿದ್ದೆಲ್ಲಾ ಖರೇ ಇತ್ತು. ತಪ್ಪು ಓದಿದಾಂವ ನಾ.”

ಆಕೆ ಮೊರವನ್ನು ಕೆಳಗಿಟ್ಟಳು.

“ನೀವು ಓದಿದವರು ಹೇಳಿದ ಮ್ಯಾಲ ನನ್ನ ನೆನಪ ತಪ್ಪಿರಬೇಕು ಅಂದ್ಕೊಂಡೆನ್ರಿ. ಅವ ಎಲ್ಲಿಂದರ ಎತ್ತಿಕೊಂಡು ಬಂದು ನನ್ನ ಮುಂದ ಸುಳ್ಳು ಹೇಳ್ಯಾನ ಅಂತ ತಿಳಕೊಂಡೆ. ಹಿರ್‍ಯಾರ ಅಮಾಸಿಗೆ ಎಲ್ಲಾರ್ದೂ ಎಡಿ ಹಿಡದೆ, ಅವನದ ಬಿಟ್ಟೆ. ಎರಡು ವರ್ಷ ಉಪಾಸ ಕೆಡವೀನ್ರಿ ಅವನ್ನ.”

ಸತ್ತ ಹಿರಿಯರಿಗೆ ವರ್ಷಕ್ಕೊಮ್ಮೆ, ಮಹಾನವಮಿಯ ಮುಂಚಿನ ಅಮಾವಾಸ್ಯೆಗೆ ಮಾತ್ರ ಮನೆಯ ಅನ್ನ. ಆ ಒಂದು ತುತ್ತನ್ನೂ ನನ್ನ ಎರಡು ಸಾಲು ತಪ್ಪಿಸಿತ್ತು. ನನಗೆ ಅಳು ಬಂತು, ಅಳಲು ನನಗೇನು ಹಕ್ಕು ಎಂದು ನುಂಗಿಕೊಂಡೆ. ವಹಿಯಿಂದ ಹರಿದು ತಂದಿದ್ದ ಬಿಲ್ಲೆಯ ಅಚ್ಚನ್ನು ಆಕೆಯ ಕೈಗೆ ಕೊಟ್ಟೆ. ಆಕೆ ತೆನೆ ಯಾವುದು, ಬರಹ ಯಾವುದು ಎಂದು ನೋಡಿ, ಕಾಗದ ಮಡಿಸಿ ಬರಹದ ಕಡೆಯನ್ನು ಮೇಲೆ ಮಾಡಿ ಒಳಗೆ ಜಗಲಿಯ ಮೇಲೆ ಇಟ್ಟು ಬಂದಳು.

ನಾನು ಏಳುವಾಗ ಆಕೆ, ಹಿರಿಯರ ಅಮಾವಾಸ್ಯೆಗೆ ಇನ್ನು ಎಷ್ಟು ದಿನ ಉಳಿದಿದೆ, ಲೆಕ್ಕ ಮಾಡಿ ಹೇಳಿ ಎಂದಳು. ಮತ್ತೆ ನನ್ನನ್ನೇ ಕೇಳಿದಳು. ನಾನು ಅಂಗಳದಲ್ಲಿ ನಿಂತು ಬೆರಳು ಮಡಿಸಿ ಎಣಿಸಿದೆ. ಇಪ್ಪತ್ತೆರಡು ಬಂತು. ಹೇಳಲು ಬಾಯಿ ತೆರೆದವನು ಹೇಳದೆ, ಮೊದಲಿಂದ ಇನ್ನೊಮ್ಮೆ ಎಣಿಸಿದೆ.